ಊರಿಗೆ ಬಂದ ವಿದೇಶಿ ಸಾಲದ ಯೋಜನೆ: ಕಾಗದ ಓದುವ, ಪ್ರಶ್ನೆ ಕೇಳುವ, ದೂರು ಕೊಡುವ ಕ್ರಮ

ರಸ್ತೆ ಅಗೆಯುವ ಮೊದಲು ಗುತ್ತಿಗೆದಾರರು ಮೂಲೆಯಲ್ಲೊಂದು ತಗಡಿನ ಫಲಕ ನೆಡುತ್ತಾರೆ. ಅದರಲ್ಲಿ ಕಾಮಗಾರಿಯ ಹೆಸರು, ಅಂದಾಜು ಮೊತ್ತ, ಮುಗಿಯಬೇಕಾದ ಅವಧಿ ಇರುತ್ತವೆ. ಕೊನೆಯ ಸಾಲಿನಲ್ಲಿ, ಸಣ್ಣ ಅಕ್ಷರದಲ್ಲಿ, ‘ವಿಶ್ವಬ್ಯಾಂಕ್ ನೆರವಿನ ಯೋಜನೆ’ ಅಥವಾ ‘ಎಡಿಬಿ ನೆರವಿನ ಯೋಜನೆ’ ಎಂದು ಬರೆದಿರುತ್ತದೆ. ಆ ‘ನೆರವು’ ಎಂಬ ಮಾತು ಬಹಳ ಜನರ ದಾರಿ ತಪ್ಪಿಸಿದೆ. ಯಾರೋ ದೊಡ್ಡವರು ದೂರದಿಂದ ಕೊಟ್ಟ ದಾನ, ಕೊಟ್ಟಷ್ಟನ್ನು ತೆಗೆದುಕೊಳ್ಳಬೇಕು, ಅದರ ಬಗ್ಗೆ ಕೇಳಲು ನಾವು ಯಾರು ಎಂಬ ಭಾವನೆ ಅದರಿಂದ ಹುಟ್ಟುತ್ತದೆ. ಆದರೆ ಅದು ಬಹುಪಾಲು ಸಾಲ, ಮತ್ತು ಅದನ್ನು ಬಡ್ಡಿ ಸಮೇತ ತೀರಿಸುವವರು ಈ ರಾಜ್ಯದ ತೆರಿಗೆದಾರರು. ಸಾಲಕ್ಕೆ ಸಂಬಂಧಿಸಿದ ಕಾಗದಗಳಲ್ಲಿ ಹೆಚ್ಚಿನವು ಯಾರು ಬೇಕಾದರೂ ಓದಬಹುದಾದ ಬಹಿರಂಗ ದಾಖಲೆಗಳು. ಅವನ್ನು ಹುಡುಕುವುದು, ಓದುವುದು ಮತ್ತು ಅವುಗಳ ಆಧಾರದ ಮೇಲೆ ಪ್ರಶ್ನೆ ಕೇಳುವುದು ಹೇಗೆ ಎಂಬುದನ್ನು ಸಾಮಾನ್ಯ ನಿವಾಸಿ, ವಾರ್ಡ್ ಸದಸ್ಯ, ಸ್ಥಳೀಯ ಸಂಘದ ಕಾರ್ಯಕರ್ತ ಇವರನ್ನು ಮನಸ್ಸಿನಲ್ಲಿಟ್ಟು ಇಲ್ಲಿ ವಿವರಿಸಿದ್ದೇನೆ.

ಹಣ ಯಾರದು, ಯಾವ ಬಗೆಯದು

ಮೊದಲು ಫಲಕದ ಫೋಟೊ ತೆಗೆದಿಟ್ಟುಕೊಳ್ಳಿ. ಕೆಲಸ ಮುಗಿಯುವ ಮೊದಲೇ ಎಷ್ಟೋ ಫಲಕಗಳು ಕಾಣೆಯಾಗುತ್ತವೆ. ಅದರಲ್ಲಿರುವ ಯೋಜನೆಯ ಪೂರ್ಣ ಹೆಸರೇ ಮುಂದಿನ ಎಲ್ಲ ಹುಡುಕಾಟಕ್ಕೆ ಕೀಲಿಕೈ.

ಕರ್ನಾಟಕದ ನಗರಗಳಿಗೆ ಇಂಥ ಹಣ ಹೊಸದಲ್ಲ. ಬೆಂಗಳೂರಿನ ಮೇಲಿನ ಒತ್ತಡ ತಗ್ಗಿಸುವ ಉದ್ದೇಶದಿಂದ 1990ರ ದಶಕದಲ್ಲಿ ಮೈಸೂರು, ತುಮಕೂರು, ರಾಮನಗರ, ಚನ್ನಪಟ್ಟಣಗಳಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ, ಅಂದರೆ ಎಡಿಬಿಯ, ಸಾಲದಿಂದ ಕೆಲಸ ನಡೆಯಿತು. ಆನಂತರ ಕರಾವಳಿಯ ಪಟ್ಟಣಗಳೂ ಉತ್ತರ ಕರ್ನಾಟಕದ ಪಟ್ಟಣಗಳೂ ಅದೇ ಬ್ಯಾಂಕಿನ ಯೋಜನೆಗಳಿಗೆ ಸೇರಿದವು. ಮಂಗಳೂರು, ಉಡುಪಿ, ದಾವಣಗೆರೆಯ ಜನ ‘ಜಲಸಿರಿ’ ಎಂದು ಕರೆಯುವುದೂ ಆ ಬ್ಯಾಂಕಿನ ಸಾಲದ ಯೋಜನೆಯನ್ನೇ. ಬೆಂಗಳೂರಿಗೆ 2024ರ ಅಕ್ಟೋಬರ್‌ನಲ್ಲಿ ದಿನಕ್ಕೆ 77.5 ಕೋಟಿ ಲೀಟರ್ ನೀರು ಹೆಚ್ಚುವರಿಯಾಗಿ ತಂದ ಕಾವೇರಿ ಐದನೇ ಹಂತಕ್ಕೆ ಜಪಾನ್ ಸರ್ಕಾರದ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆ ಜೈಕಾ ಸಾಲ ಕೊಟ್ಟಿದೆ. ನಮ್ಮ ಮೆಟ್ರೊದ ಗೊಟ್ಟಿಗೆರೆ–ನಾಗವಾರ ಮಾರ್ಗಕ್ಕೆ ಯುರೋಪಿಯನ್ ಹೂಡಿಕೆ ಬ್ಯಾಂಕ್ ಮತ್ತು ಬೀಜಿಂಗಿನಲ್ಲಿ ಕೇಂದ್ರ ಕಚೇರಿಯಿರುವ ಏಷ್ಯನ್ ಮೂಲಸೌಕರ್ಯ ಹೂಡಿಕೆ ಬ್ಯಾಂಕಿನ, ಅಂದರೆ ಎಐಐಬಿಯ, ಹಣವಿದೆ. ಇವುಗಳ ನಡುವೆ ಅಪರೂಪಕ್ಕೆ ನಿಜವಾದ ಅನುದಾನಗಳೂ ಇವೆ. ಮೈಸೂರಿನಲ್ಲಿ 2017ರಲ್ಲಿ ಆರಂಭವಾದ ‘ಟ್ರಿಣ್ ಟ್ರಿಣ್’ ಸೈಕಲ್ ಯೋಜನೆಗೆ ಜಾಗತಿಕ ಪರಿಸರ ನಿಧಿಯ ಹಣ ಸಿಕ್ಕಿದ್ದು ಅದಕ್ಕೊಂದು ಉದಾಹರಣೆ. ಆದ್ದರಿಂದ ನೀವು ಕೇಳಬೇಕಾದ ಮೊದಲ ಪ್ರಶ್ನೆ ‘ಇದು ಸಾಲವೋ, ಅನುದಾನವೋ’ ಎಂಬುದು; ಸಾಲವಾದರೆ ‘ಎಷ್ಟು ಪಾಲು ಸಾಲ, ಎಷ್ಟು ರಾಜ್ಯದ ಪಾಲು, ಎಷ್ಟು ನಗರಸಭೆಯ ತಲೆಯ ಮೇಲೆ’ ಎಂಬುದು ಎರಡನೆಯದು.

ಸಾಲ ಹರಿದು ಬರುವ ದಾರಿಯನ್ನು ತಿಳಿದರೆ ಯಾವ ಕಚೇರಿಗೆ ಹೋಗಬೇಕೆಂಬುದು ಸ್ಪಷ್ಟವಾಗುತ್ತದೆ. ನಗರಸಭೆ ನೇರವಾಗಿ ವಿದೇಶದಲ್ಲಿ ಸಾಲ ಎತ್ತುವುದಿಲ್ಲ. ಸಾಲಗಾರ ಭಾರತ ಸರ್ಕಾರ. ಒಪ್ಪಂದಕ್ಕೆ ಸಹಿ ಹಾಕುವುದು ಕೇಂದ್ರ ಹಣಕಾಸು ಸಚಿವಾಲಯದ ಆರ್ಥಿಕ ವ್ಯವಹಾರಗಳ ಇಲಾಖೆ. ರಾಜ್ಯ ಸರ್ಕಾರ ಪ್ರತ್ಯೇಕವಾಗಿ ಯೋಜನಾ ಒಪ್ಪಂದಕ್ಕೆ ಸಹಿ ಹಾಕುತ್ತದೆ. ಕರ್ನಾಟಕದಲ್ಲಿ ಇಂಥ ಅನೇಕ ನೀರು ಮತ್ತು ಒಳಚರಂಡಿ ಯೋಜನೆಗಳನ್ನು ನಡೆಸುವುದು ಕೆಯುಐಡಿಎಫ್‌ಸಿ, ಅಂದರೆ ಕರ್ನಾಟಕ ನಗರ ಮೂಲಸೌಕರ್ಯ ಅಭಿವೃದ್ಧಿ ಮತ್ತು ಹಣಕಾಸು ನಿಗಮ ಎಂಬ ರಾಜ್ಯದ ಸಂಸ್ಥೆ. ಅದರ ಅನುಷ್ಠಾನ ಘಟಕಗಳು ಆಯಾ ಊರಿನಲ್ಲೇ ಇರುತ್ತವೆ. ಹನ್ನೆರಡನೇ ಹಣಕಾಸು ಆಯೋಗದ ಶಿಫಾರಸಿನಂತೆ, 2005ರಿಂದೀಚೆಗೆ ಕೇಂದ್ರವು ಇಂಥ ಸಾಲವನ್ನು ತಾನು ಪಡೆದ ಷರತ್ತುಗಳಲ್ಲೇ ರಾಜ್ಯಕ್ಕೆ ದಾಟಿಸುತ್ತದೆ. ಹಾಗೆಂದರೆ ಡಾಲರ್ ಏರಿದಾಗ ಅದರ ಹೊರೆಯೂ ರಾಜ್ಯದ್ದೇ. 2004ರಲ್ಲಿ ಸುಮಾರು 45 ರೂಪಾಯಿ ಇದ್ದ ಡಾಲರ್ 2024ರ ಕೊನೆಗೆ 84 ರೂಪಾಯಿ ದಾಟಿತ್ತು ಎಂಬುದನ್ನು ನೆನೆದರೆ, ‘ಕಡಿಮೆ ಬಡ್ಡಿಯ ಸಾಲ’ ಎಂಬ ಮಾತನ್ನು ಎಷ್ಟು ಎಚ್ಚರದಿಂದ ಕೇಳಬೇಕೆಂದು ತಿಳಿಯುತ್ತದೆ. ಇನ್ನೊಂದು ವಿಷಯವನ್ನೂ ಗಮನಿಸಿ: ಮಂಜೂರಾಗಿ ಬಳಕೆಯಾಗದೆ ಉಳಿದ ಹಣದ ಮೇಲೂ ವಿಶ್ವಬ್ಯಾಂಕ್ ಮತ್ತು ಎಡಿಬಿ ಬದ್ಧತಾ ಶುಲ್ಕ ವಿಧಿಸುತ್ತವೆ. ಕಾಮಗಾರಿ ತಡವಾದರೆ ಧೂಳು ಕುಡಿಯುವುದಷ್ಟೇ ಅಲ್ಲ, ತಡವಾದುದಕ್ಕೆ ದುಡ್ಡೂ ಕೊಡುತ್ತೇವೆ.

ಯಾವ ಕಾಗದ, ಅದರಲ್ಲಿ ಯಾವ ಪುಟ

ವಿಶ್ವಬ್ಯಾಂಕಿನ ಮಾಹಿತಿ ನೀತಿ 2010ರ ಜುಲೈನಿಂದ ಜಾರಿಯಲ್ಲಿದೆ. ಗೋಪ್ಯವೆಂದು ಪಟ್ಟಿ ಮಾಡಿದ ಕೆಲವನ್ನು ಬಿಟ್ಟರೆ ಉಳಿದೆಲ್ಲವೂ ಬಹಿರಂಗವಾಗಿರಬೇಕು ಎಂಬುದು ಅದರ ತಿರುಳು. ಎಡಿಬಿಯದೂ ಹೆಚ್ಚು ಕಡಿಮೆ ಅದೇ ಧೋರಣೆ. ಬ್ಯಾಂಕಿನ ಜಾಲತಾಣದಲ್ಲಿ ಯೋಜನೆಯ ಹೆಸರು ಹಾಕಿದರೆ ಅದರ ಕ್ರಮಸಂಖ್ಯೆ ಸಿಗುತ್ತದೆ. ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಮುಂದಿನ ಎಲ್ಲ ಪತ್ರಗಳಲ್ಲೂ ಅದನ್ನು ನಮೂದಿಸಿದರೆ ಯಾವ ಕಚೇರಿಯೂ ‘ಯಾವ ಯೋಜನೆ’ ಎಂದು ಕೇಳುವಂತಿಲ್ಲ.

ನೂರಿನ್ನೂರು ಪುಟದ ಇಂಗ್ಲಿಷ್ ದಾಖಲೆ ಕಂಡು ಹಿಂಜರಿಯಬೇಡಿ. ಅದನ್ನು ಮೊದಲಿನಿಂದ ಓದುವ ಅಗತ್ಯವಿಲ್ಲ. ಸಾಲ ಮಂಜೂರಾತಿಯ ಸಮಯದ ಮೌಲ್ಯಮಾಪನ ದಾಖಲೆಯಲ್ಲಿ ಫಲಿತಾಂಶಗಳ ಕೋಷ್ಟಕವೊಂದಿರುತ್ತದೆ. ಈಗಿನ ಸ್ಥಿತಿ, ವರ್ಷವಾರು ಗುರಿ, ಅಳೆಯುವ ವಿಧಾನ ಎಂದು ಅಂಕಣಗಳಿರುತ್ತವೆ. ಅಲ್ಲಿಂದ ಶುರುಮಾಡಿ, ಏಕೆಂದರೆ ಅಲ್ಲಿ ಏನನ್ನು ಅಳೆಯುತ್ತೇವೆಂದು ಬರೆದಿದ್ದಾರೋ ಅದಕ್ಕಷ್ಟೇ ಯೋಜನೆಯವರು ಉತ್ತರದಾಯಿಗಳಾಗುತ್ತಾರೆ. ಅಲ್ಲಿ ಬರೆಯದೆ ಬಿಟ್ಟದ್ದು ಮುಂದೆ ಯಾರ ಹೊಣೆಯೂ ಆಗುವುದಿಲ್ಲ.

ಈ ಮಾತಿನ ತೂಕವನ್ನು ಹುಬ್ಬಳ್ಳಿ-ಧಾರವಾಡದ ಉದಾಹರಣೆಯಿಂದ ತೋರಿಸಬಹುದು. 2004ರಲ್ಲಿ ವಿಶ್ವಬ್ಯಾಂಕ್ 3.95 ಕೋಟಿ ಡಾಲರ್ ಸಾಲಕ್ಕೆ ಒಪ್ಪಿಗೆ ಕೊಟ್ಟು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಆಯ್ದ ಕೆಲವು ವಾರ್ಡುಗಳಲ್ಲಿ ದಿನದ 24 ಗಂಟೆಯೂ ನಳದಲ್ಲಿ ನೀರು ಕೊಡುವ ಪ್ರಯೋಗ ನಡೆಯಿತು. ನಾಲ್ಕಾರು ದಿನಕ್ಕೊಮ್ಮೆ ನೀರು ಬಿಡುವ ಊರುಗಳಲ್ಲಿ ಅದು ಸಣ್ಣ ಸಾಧನೆಯಾಗಿರಲಿಲ್ಲ. ನೀರು ಬರುವ ದಿನ ನಸುಕಿನಲ್ಲೇ ಎದ್ದು ಕೊಡ, ಬಕೆಟ್, ಡ್ರಮ್ಮು, ಹಂಡೆ ಎಲ್ಲವನ್ನೂ ತುಂಬಿಸಿ ಆಮೇಲೆ ಕೆಲಸಕ್ಕೆ ಓಡುತ್ತಿದ್ದ ಹೆಣ್ಣುಮಕ್ಕಳಿಗೆ ಆ ದಿನ ಎಂಬುದೇ ಇಲ್ಲವಾಗುವುದು ಎಷ್ಟು ದೊಡ್ಡ ಬಿಡುಗಡೆ ಎಂದು ಬೇರೆ ಹೇಳಬೇಕಿಲ್ಲ. ಕೊಳವೆ ಸದಾ ತುಂಬಿದ್ದರೆ ಇನ್ನೊಂದು ಲಾಭವೂ ಇದೆ: ನೀರು ನಿಂತಾಗ ಕೊಳವೆಯೊಳಗಿನ ಒತ್ತಡ ಇಳಿದು, ಬಿರುಕುಗಳ ಮೂಲಕ ಪಕ್ಕದ ಗಟಾರದ ನೀರು ಒಳಗೆ ಸೇರುತ್ತದೆ, ಸದಾ ಒತ್ತಡವಿದ್ದರೆ ಅದು ಸೇರುವುದಿಲ್ಲ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಹುಬ್ಬಳ್ಳಿ-ಧಾರವಾಡದ ಎರಡೂ ಬಗೆಯ ವಾರ್ಡುಗಳನ್ನು ಹೋಲಿಸಿ ನೋಡಿದಾಗ ನಿರಂತರ ನೀರಿನ ನಳಗಳಲ್ಲಿ ಮಾಲಿನ್ಯ ನಿಜಕ್ಕೂ ಕಡಿಮೆಯಿತ್ತು. ಆದರೆ 2015ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಚಿಕ್ಕ ಮಕ್ಕಳ ಅತಿಸಾರದ ಒಟ್ಟು ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ; ಟೈಫಾಯ್ಡ್‌ನಲ್ಲಿ ಮತ್ತು ಬಡ ಕುಟುಂಬಗಳ ಮಕ್ಕಳ ರಕ್ತಭೇದಿಯಲ್ಲಿ ಮಾತ್ರ ಇಳಿಕೆ ಕಂಡಿತು.

ಇದರಿಂದ ಓದುಗರು ಎರಡು ಪಾಠ ತೆಗೆದುಕೊಳ್ಳಬಹುದು. ನೀರು ಎಷ್ಟು ಗಂಟೆ ಬಂತು ಎಂಬ ಅಳತೆ ಆರೋಗ್ಯದ ಅಳತೆಯಲ್ಲ. ಆರೋಗ್ಯ ಮುಖ್ಯವೆನಿಸಿದರೆ ಕೋಷ್ಟಕದಲ್ಲಿ ಅದನ್ನೂ ಸೇರಿಸಿ ಎಂದು ಯೋಜನೆ ರೂಪುಗೊಳ್ಳುವಾಗಲೇ ಕೇಳಬೇಕು. ಎರಡನೆಯದು, ಆಯ್ದ ವಾರ್ಡುಗಳ ಗುರಿ ಮುಟ್ಟಿದರೆ ಕಾಗದದ ಮೇಲೆ ಯೋಜನೆ ಯಶಸ್ವಿ. ಪಕ್ಕದ ವಾರ್ಡಿನ ಕಾಯುವಿಕೆ ಆ ಲೆಕ್ಕಕ್ಕೆ ಬರುವುದಿಲ್ಲ. ಆ ಸಾಲ 2011ರಲ್ಲಿ ಮುಕ್ತಾಯವಾಯಿತು. ಇಡೀ ನಗರಗಳಿಗೆ ವಿಸ್ತರಿಸುವ 10 ಕೋಟಿ ಡಾಲರ್‌ನ ಮುಂದಿನ ಸಾಲಕ್ಕೆ ಬ್ಯಾಂಕಿನ ಮಂಡಳಿ ಒಪ್ಪಿದ್ದು 2016ರಲ್ಲಿ. ನಡುವಿನ ಐದು ವರ್ಷವೂ ಡ್ರಮ್ಮು ತುಂಬಿಸಿದ ಮನೆಗಳನ್ನು ಯಾವ ಕೋಷ್ಟಕವೂ ಎಣಿಸಿಲ್ಲ. ಹಾಗಾಗಿ ‘ಮಾದರಿ ಪ್ರದೇಶ’ ಎಂಬ ಪದ ಕಂಡಲ್ಲೆಲ್ಲ, ಮಾದರಿಯ ಹೊರಗಿನವರ ಸರದಿ ಯಾವಾಗ, ಅದಕ್ಕೆ ಹಣ ಎಲ್ಲಿಂದ ಎಂದು ಬರಹದಲ್ಲಿ ಉತ್ತರ ಕೇಳಿ.

ಫಲಿತಾಂಶದ ಕೋಷ್ಟಕದ ನಂತರ ನೋಡಬೇಕಾದದ್ದು ನಿರ್ವಹಣೆಯ ವೆಚ್ಚ ಮತ್ತು ದರದ ಬಗೆಗಿನ ಭಾಗ. ಮೀಟರ್ ಅಳವಡಿಸುತ್ತಾರೆಯೇ, ನೀರಿನ ದರ ಯಾವಾಗ ಏರಿಸುವುದಾಗಿ ರಾಜ್ಯ ಒಪ್ಪಿಕೊಂಡಿದೆ, ಬೀದಿ ನಳ ತೆಗೆದರೆ ಅದನ್ನೇ ನಂಬಿದವರಿಗೆ ಏನು ವ್ಯವಸ್ಥೆ, ಗುತ್ತಿಗೆ ಕಂಪನಿಯ ನಿರ್ವಹಣಾ ಅವಧಿ ಮುಗಿದ ಮೇಲೆ ನಗರಸಭೆಯಲ್ಲಿ ಅದನ್ನು ನಡೆಸಬಲ್ಲ ಎಂಜಿನಿಯರ್‌ಗಳು ಇರುತ್ತಾರೆಯೇ ಎಂಬುದೆಲ್ಲ ಅಲ್ಲಿರುತ್ತದೆ, ಅಥವಾ ಇರಬೇಕಾಗಿತ್ತು. ಟೆಂಡರ್ ನಿಯಮಗಳ ಬಗ್ಗೆ ಒಂದು ಮಾತು: ವಿದೇಶಿ ಸಾಲದ ಕಾಮಗಾರಿಯಲ್ಲಿ ಸಾಲ ಕೊಟ್ಟವರ ಖರೀದಿ ನಿಯಮಗಳು ಅನ್ವಯಿಸುತ್ತವೆ; ರಾಜ್ಯದ 1999ರ ಪಾರದರ್ಶಕತೆ ಕಾಯ್ದೆ ಅದಕ್ಕೆ ಅವಕಾಶ ಕೊಟ್ಟಿದೆ. ಆದ್ದರಿಂದ ಟೆಂಡರ್ ಪ್ರಶ್ನಿಸುವವರು ಬ್ಯಾಂಕಿನ ಖರೀದಿ ನಿಯಮಗಳನ್ನೂ ನೋಡಿರಬೇಕು.

ಸಭೆಗೆ ಹೋಗುವ ಮೊದಲು

ಯೋಜನೆ ಅಂತಿಮವಾಗುವ ಮುನ್ನ ಸಾರ್ವಜನಿಕ ಸಮಾಲೋಚನೆ ನಡೆಸಲೇಬೇಕು. ಸಾಮಾನ್ಯವಾಗಿ ಅದು ಯಾವುದೋ ಕಲ್ಯಾಣ ಮಂಟಪದಲ್ಲೋ ನಗರಸಭೆಯ ಸಭಾಂಗಣದಲ್ಲೋ ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ ನಡೆಯುತ್ತದೆ. ಸ್ವಾಗತ, ಪ್ರಾರ್ಥನೆ, ಇಂಗ್ಲಿಷ್ ಸ್ಲೈಡುಗಳು ಮುಗಿಯುವಷ್ಟರಲ್ಲಿ ಊಟದ ಹೊತ್ತಾಗಿ, ಬಂದವರ ಸಹಿ ಮಾತ್ರ ಪುಸ್ತಕದಲ್ಲಿ ಉಳಿಯುತ್ತದೆ. ಆ ಸಹಿಗಳ ಹಾಳೆಯೇ ಮುಂದೆ ‘ಜನರ ಅಭಿಪ್ರಾಯ ಪಡೆಯಲಾಗಿದೆ’ ಎಂಬುದಕ್ಕೆ ಸಾಕ್ಷಿಯಾಗಿ ವರದಿಗೆ ಲಗತ್ತಾಗುತ್ತದೆ. ಆದ್ದರಿಂದ ಮಾತು ಆಡಿ ಬರುವುದಕ್ಕಿಂತ ಬರೆದು ಕೊಟ್ಟು ಬರುವುದು ಮೇಲು. ಒಂದೇ ಹಾಳೆಯಲ್ಲಿ ನಾಲ್ಕು ಪ್ರಶ್ನೆ ಬರೆದು, ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ನಡಾವಳಿಯಲ್ಲಿ ಸೇರಿಸಿ ಎಂದು ಅದರಲ್ಲೇ ಕೋರಿರಿ.

ದಾಖಲೆಯ ಸಾರಾಂಶವನ್ನು ಕನ್ನಡದಲ್ಲಿ ಕೇಳಿ. ಇದನ್ನು ಯಾರೂ ಉಪಕಾರವೆಂದು ತಿಳಿಯಬೇಕಾಗಿಲ್ಲ. ಬಾಧಿತ ಜನರಿಗೆ ಅರ್ಥವಾಗುವ ಭಾಷೆಯಲ್ಲಿ, ಅವರ ಕೈಗೆಟಕುವ ಜಾಗದಲ್ಲಿ, ಸಕಾಲದಲ್ಲಿ ಮಾಹಿತಿ ಕೊಡಬೇಕೆಂಬುದು ವಿಶ್ವಬ್ಯಾಂಕ್ 2018ರಲ್ಲಿ ಜಾರಿಗೆ ತಂದ ಪರಿಸರ ಮತ್ತು ಸಾಮಾಜಿಕ ಚೌಕಟ್ಟಿನಲ್ಲೂ, ಎಡಿಬಿಯ ಸುರಕ್ಷತಾ ನೀತಿಯಲ್ಲೂ ಸ್ಪಷ್ಟವಾಗಿದೆ. ತನ್ನ ಅಂಗಡಿ ಹೋಗುತ್ತದೆಯೇ ಉಳಿಯುತ್ತದೆಯೇ ಎಂಬುದನ್ನು ಒಬ್ಬ ಮನುಷ್ಯ ತನ್ನ ಭಾಷೆಯಲ್ಲಿ ಓದಲಾಗದಿದ್ದರೆ ಆ ಸಮಾಲೋಚನೆಗೆ ಅರ್ಥವಿಲ್ಲ.

ಗಣತಿ ಮತ್ತು ಕಟ್-ಆಫ್ ದಿನಾಂಕ

ರಸ್ತೆ ಅಗಲಿಕೆ, ಬಸ್ ಪಥ, ರಾಜಕಾಲುವೆ ಇಂಥ ಕಾಮಗಾರಿಗಳಲ್ಲಿ ಅತಿ ಹೆಚ್ಚು ನಷ್ಟವಾಗುವುದು ಪಟ್ಟಾ ಇಲ್ಲದವರಿಗೆ. ಅವರಲ್ಲಿ ಹಲವರಿಗೆ ತಿಳಿಯದ ಸಂಗತಿಯೆಂದರೆ, ಜಾಗದ ಹಕ್ಕುಪತ್ರ ಇಲ್ಲದಿದ್ದರೂ ಕಳೆದುಕೊಳ್ಳುವ ಕಟ್ಟಡಕ್ಕೆ, ಗೂಡಂಗಡಿಗೆ, ತಪ್ಪಿಹೋಗುವ ದುಡಿಮೆಗೆ ಈ ಬ್ಯಾಂಕುಗಳ ನೀತಿಯಡಿ ಪರಿಹಾರ ಅಥವಾ ನೆರವು ಸಲ್ಲಬೇಕು. ಜಮೀನಿನ ಬೆಲೆ ಮಾತ್ರ ಸಿಗುವುದಿಲ್ಲ. ಆದರೆ ಇದಕ್ಕೆ ಬಾಧಿತರ ಗಣತಿ ಪಟ್ಟಿಯಲ್ಲಿ ಹೆಸರಿರಬೇಕು, ಮತ್ತು ಗಣತಿಗೆ ಒಂದು ಕಟ್-ಆಫ್ ದಿನಾಂಕವಿರುತ್ತದೆ, ಅಂದರೆ ಅದರ ನಂತರ ಅಲ್ಲಿಗೆ ಬಂದವರನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಗಡುವು. ಗಣತಿಯವರು ಮಧ್ಯಾಹ್ನ ಬರುತ್ತಾರೆ. ಬೆಳಿಗ್ಗೆ ಐದರಿಂದ ಒಂಬತ್ತರವರೆಗೆ ಮಾತ್ರ ಬಸ್ ನಿಲ್ದಾಣದ ಗೋಡೆಗೆ ಒರಗಿ ಕುಳಿತು ಮೊಳದ ಲೆಕ್ಕದಲ್ಲಿ ಹೂವು ಮಾರುವವರು ಅಷ್ಟು ಹೊತ್ತಿಗೆ ಮನೆ ಸೇರಿರುತ್ತಾರೆ. ಪಟ್ಟಿಯಲ್ಲಿ ಆ ಜಾಗ ‘ಖಾಲಿ’ ಎಂದು ದಾಖಲಾಗುತ್ತದೆ. ವಾರ್ಡಿನ ಸಂಘದವರು ಗಣತಿಯ ದಿನ ಯಾವುದೆಂದು ಮೊದಲೇ ಕೇಳಿ, ಬೆಳಗಿನ, ಸಂಜೆಯ, ಸಂತೆಯ ದಿನದ ವ್ಯಾಪಾರಿಗಳ ಪಟ್ಟಿಯನ್ನು ಫೋಟೊ ಸಹಿತ ತಾವೇ ಬರೆದು ಅನುಷ್ಠಾನ ಘಟಕಕ್ಕೆ ಸಲ್ಲಿಸಿದರೆ ಆ ಒಂದು ದಿನದ ಕೆಲಸ ಎಷ್ಟೋ ಕುಟುಂಬಗಳನ್ನು ಕಾಯುತ್ತದೆ. ನನ್ನ ದೃಷ್ಟಿಯಲ್ಲಿ ಈ ಇಡೀ ಮಾರ್ಗದರ್ಶಿಯಲ್ಲಿ ಇದಕ್ಕಿಂತ ಮುಖ್ಯವಾದ ಕೆಲಸ ಇನ್ನೊಂದಿಲ್ಲ.

ಕೆಲಸ ನಡೆಯುವಾಗ

ಪ್ರತಿ ಯೋಜನೆಗೂ ಪರಿಸರ ನಿರ್ವಹಣಾ ಯೋಜನೆ ಎಂಬ ಕೋಷ್ಟಕವಿರುತ್ತದೆ, ಅದು ಗುತ್ತಿಗೆಯ ಭಾಗವೇ ಆಗಿರುತ್ತದೆ. ಕೊಳವೆಗೆ ಕಾಲುವೆ ತೋಡಿದಲ್ಲಿ ಸುತ್ತ ತಡೆ ಹಾಕಬೇಕು, ಮನೆ ಮತ್ತು ಅಂಗಡಿಗಳ ಮುಂದೆ ದಾಟಲು ಹಲಗೆ ಇಡಬೇಕು, ಧೂಳೇಳದಂತೆ ನೀರು ಹಾಕಬೇಕು, ಮುಚ್ಚಿದ ಮೇಲೆ ರಸ್ತೆಯನ್ನು ಮೊದಲಿನಂತೆ ಮಾಡಿಕೊಡಬೇಕು ಎಂಬಂಥ ಅಂಶಗಳನ್ನು ಅದರಲ್ಲಿ ಸಾಲಾಗಿ ಬರೆದಿರುತ್ತಾರೆ. ಯಾರು ಮಾಡಬೇಕು, ಯಾರು ನೋಡಬೇಕು ಎಂಬುದೂ ಅಲ್ಲೇ ಇರುತ್ತದೆ. ನಮ್ಮ ಬೀದಿಯಲ್ಲಿ ಕಾಲುವೆ ತೋಡಿ ವಾರವಾದರೂ ಹಲಗೆ ಇಟ್ಟಿರಲಿಲ್ಲ, ಎದುರು ಮನೆಯ ಅಜ್ಜಿ ಅಷ್ಟು ದಿನವೂ ಹೊಸ್ತಿಲು ದಾಟಿರಲಿಲ್ಲ. ಎರಡು ಬಾರಿ ಬಾಯಲ್ಲಿ ಹೇಳಿದಾಗ ‘ನಾಳೆ ಹಾಕಿಸುತ್ತೇವೆ’ ಎಂಬ ಉತ್ತರವಷ್ಟೇ ಸಿಕ್ಕಿತು. ಮೂರನೆಯ ಬಾರಿ ಆ ಕೋಷ್ಟಕದ ಪುಟವನ್ನು ಮುದ್ರಿಸಿ, ಹಲಗೆಯ ಸಾಲಿಗೆ ಗೆರೆ ಎಳೆದು, ಸೈಟ್ ಎಂಜಿನಿಯರ್ ಕೈಗೆ ಕೊಟ್ಟು, ಅದರ ಪ್ರತಿಯನ್ನು ಮೇಲ್ವಿಚಾರಣಾ ಸಲಹೆಗಾರರಿಗೂ ಕಳಿಸಿದೆವು. ಸಂಜೆಯೊಳಗೆ ಹಲಗೆ ಬಂತು. ಅದಕ್ಕೆ ಕಾರಣ ಯಾರ ಪ್ರಭಾವವೂ ಅಲ್ಲ. ಆ ಸಾಲು ಪೂರೈಸಿದ್ದಕ್ಕೆ ಅವರು ವರದಿ ಕೊಡಬೇಕಿತ್ತು.

ದಾಖಲೆ ಜಾಲತಾಣದಲ್ಲಿ ಸಿಗದಿದ್ದರೆ ಮಾಹಿತಿ ಹಕ್ಕು ಕಾಯ್ದೆ ಇದೆ. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಶುಲ್ಕ 10 ರೂಪಾಯಿ. ‘ನೀರು ಸರಬರಾಜು ಯೋಜನೆಯ ಪೂರ್ಣ ವಿವರ ಕೊಡಿ’ ಎಂದು ಬರೆದರೆ ಏನೂ ಸಿಗುವುದಿಲ್ಲ. ‘ಇಂಥ ಕ್ರಮಸಂಖ್ಯೆಯ ಯೋಜನೆಯಲ್ಲಿ ನಮ್ಮ ವಾರ್ಡಿಗೆ ಸಂಬಂಧಿಸಿದ ಪರಿಸರ ನಿರ್ವಹಣಾ ಯೋಜನೆ, ಕಳೆದ ಎರಡು ತ್ರೈಮಾಸಿಕಗಳ ಮೇಲ್ವಿಚಾರಣಾ ವರದಿ ಮತ್ತು ಕುಂದುಕೊರತೆ ನೋಂದಣಿ ಪುಸ್ತಕದ ದೃಢೀಕೃತ ನಕಲು ನೀಡುವುದು’ ಎಂದು ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಬೇಕು.

ದೂರಿನ ಮೆಟ್ಟಿಲುಗಳು

ಮೊದಲ ಮೆಟ್ಟಿಲು ಯೋಜನೆಯದೇ ಕುಂದುಕೊರತೆ ಸಮಿತಿ. ಅಲ್ಲಿ ದೂರು ದಾಖಲಿಸಿ ಸಂಖ್ಯೆ ಪಡೆಯದೆ ಮೇಲಕ್ಕೆ ಹೋದರೆ ‘ಕೆಳಗೆ ಕೇಳಿದ್ದೀರಾ’ ಎಂದು ಹಿಂದಕ್ಕೆ ಕಳಿಸುತ್ತಾರೆ. ಅಲ್ಲಿ ಪರಿಹಾರ ಸಿಗದಿದ್ದರೆ ಎರಡನೆಯದಾಗಿ ಬ್ಯಾಂಕಿನ ದೆಹಲಿ ಕಚೇರಿಯ ಯೋಜನಾ ತಂಡಕ್ಕೆ ಬರೆಯಬಹುದು. ವಿಶ್ವಬ್ಯಾಂಕಿನಲ್ಲಿ ಇದಕ್ಕೆ ಕುಂದುಕೊರತೆ ಪರಿಹಾರ ಸೇವೆ ಎಂಬ ಪ್ರತ್ಯೇಕ ಘಟಕವೇ ಇದೆ. ಕೊನೆಯದು ಸ್ವತಂತ್ರ ಸಂಸ್ಥೆಗಳು: ವಿಶ್ವಬ್ಯಾಂಕಿನಲ್ಲಿ ತಪಾಸಣಾ ಮಂಡಳಿ, ಎಡಿಬಿಯಲ್ಲಿ ಉತ್ತರದಾಯಿತ್ವ ವ್ಯವಸ್ಥೆ. ಎರಡೂ ಕಡೆ ಕನಿಷ್ಠ ಇಬ್ಬರು ಬಾಧಿತರು ಸೇರಿ ದೂರು ಕೊಡಬೇಕು. ಹೆಸರು ಗೋಪ್ಯವಾಗಿಡಿ ಎಂದು ಕೋರಬಹುದು. ತಪಾಸಣಾ ಮಂಡಳಿಗೆ ಸ್ಥಳೀಯ ಭಾಷೆಯಲ್ಲೇ ಬರೆಯಬಹುದು, ಅಂದರೆ ಕನ್ನಡದಲ್ಲಿ. ಟೆಂಡರ್ ಅಕ್ರಮ ಮತ್ತು ಲಂಚದ ದೂರನ್ನು ಇವು ತೆಗೆದುಕೊಳ್ಳುವುದಿಲ್ಲ, ಅದಕ್ಕೆ ಆ ಬ್ಯಾಂಕುಗಳಲ್ಲಿ ಬೇರೆ ತನಿಖಾ ವಿಭಾಗಗಳಿವೆ.

ಇವೆಲ್ಲ ಕಾಗದದ ಹುಲಿಗಳೆಂದು ತಳ್ಳಿಹಾಕುವವರು ಮುಂಬೈಯನ್ನು ನೆನಪಿಸಿಕೊಳ್ಳಬೇಕು. ತಪಾಸಣಾ ಮಂಡಳಿ ಹುಟ್ಟಿದ್ದೇ ಭಾರತದ ಜನರ ಹೋರಾಟದ ಪರಿಣಾಮವಾಗಿ. ನರ್ಮದಾ ಕಣಿವೆಯಲ್ಲಿ ಸರ್ದಾರ್ ಸರೋವರದ ವಿರುದ್ಧ ಎದ್ದ ದನಿಯ ನಂತರ 1993ರಲ್ಲಿ ಬ್ಯಾಂಕ್ ಅದನ್ನು ಸ್ಥಾಪಿಸಿತು. 2004ರಲ್ಲಿ ಮುಂಬೈ ನಗರ ಸಾರಿಗೆ ಯೋಜನೆಯಿಂದ ಎತ್ತಂಗಡಿಯಾಗಲಿದ್ದ ಅಂಗಡಿಕಾರರು ಮತ್ತು ನಿವಾಸಿಗಳು ಅದರ ಮುಂದೆ ಹೋದರು. ಮಂಡಳಿ ತನಿಖೆ ನಡೆಸಿ ಪುನರ್ವಸತಿಯಲ್ಲಿ ಗಂಭೀರ ಲೋಪಗಳನ್ನು ಗುರುತಿಸಿತು. 2006ರ ಮಾರ್ಚ್‌ನಲ್ಲಿ ಬ್ಯಾಂಕ್ ರಸ್ತೆ ಮತ್ತು ಪುನರ್ವಸತಿ ಭಾಗಗಳಿಗೆ ಹಣ ಬಿಡುಗಡೆಯನ್ನೇ ನಿಲ್ಲಿಸಿತು, ಸರಿಪಡಿಸುವ ಕ್ರಮಗಳಿಗೆ ರಾಜ್ಯ ಒಪ್ಪಿದ ಮೇಲೆ ಜೂನ್‌ನಲ್ಲಿ ಮತ್ತೆ ಬಿಡುಗಡೆ ಮಾಡಿತು. ಕಳೆದುಕೊಂಡವರಿಗೆ ಎಲ್ಲವೂ ಮರಳಿ ಸಿಗಲಿಲ್ಲ. ಆದರೂ ಅಂಗಡಿ ಇಟ್ಟುಕೊಂಡ ಸಾಮಾನ್ಯ ಜನರ ಪತ್ರವೊಂದು ಅಷ್ಟು ದೊಡ್ಡ ಸಾಲವನ್ನು ಕೆಲವು ತಿಂಗಳು ತಡೆದದ್ದು ದಾಖಲೆಯಲ್ಲಿರುವ ಸತ್ಯ.

ದೂರು ಬರೆಯುವಾಗ ಯೋಜನೆಯ ಹೆಸರು ಮತ್ತು ಸಂಖ್ಯೆ, ನೀವು ಯಾರು, ಏನು ಹಾನಿಯಾಗಿದೆ ಅಥವಾ ಆಗಲಿದೆ, ಅದು ಯೋಜನೆಯಿಂದಲೇ ಹೇಗೆ ಆಯಿತು, ಈವರೆಗೆ ಯಾರಿಗೆ ಯಾವ ದಿನ ದೂರಿದ್ದೀರಿ, ಏನು ಉತ್ತರ ಬಂತು, ಏನಾಗಬೇಕೆಂದು ಬಯಸುತ್ತೀರಿ ಎಂಬಿಷ್ಟನ್ನು ದಿನಾಂಕ ಸಹಿತ ತಿಳಿಸಿದರೆ ಸಾಕು. ಬಿರುಸಿನ ವಿಶೇಷಣಗಳಿಗಿಂತ ದಿನಾಂಕವಿರುವ ಮೂರು ಫೋಟೊ ಹೆಚ್ಚು ಕೆಲಸ ಮಾಡುತ್ತವೆ.

ಕಾಲಮಿತಿಯನ್ನು ಮರೆಯಬೇಡಿ. ಸಾಲ ಮುಕ್ತಾಯವಾದ ದಿನದಿಂದ ವಿಶ್ವಬ್ಯಾಂಕಿನ ತಪಾಸಣಾ ಮಂಡಳಿ 15 ತಿಂಗಳವರೆಗೆ, ಎಡಿಬಿ ಎರಡು ವರ್ಷದವರೆಗೆ ದೂರು ಸ್ವೀಕರಿಸುತ್ತವೆ. ಒಳಚರಂಡಿ ಉಕ್ಕುವುದು, ಮನೆಗೆ ಮಳೆನೀರು ನುಗ್ಗುವುದು, ಕೊಳವೆ ಒಡೆಯುವುದು ಸಾಮಾನ್ಯವಾಗಿ ಕೆಲಸ ಮುಗಿದ ಮೇಲಿನ ಮೊದಲ ಮಳೆಗಾಲದಲ್ಲೇ ಗೊತ್ತಾಗುತ್ತದೆ. ಮುಕ್ತಾಯದ ದಿನಾಂಕ ಬ್ಯಾಂಕಿನ ಜಾಲತಾಣದಲ್ಲಿ ಯೋಜನೆಯ ಪುಟದಲ್ಲೇ ಇರುತ್ತದೆ, ಕೆಲವೊಮ್ಮೆ ಮುಂದಕ್ಕೆ ಹೋಗಿರುವುದೂ ಉಂಟು. ಅದನ್ನು ಈಗಲೇ ನೋಡಿ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆ ಮೊದಲ ಮಳೆಯಲ್ಲಿ ಬೀದಿಯಲ್ಲಿ ನೀರು ಎಲ್ಲಿ ನಿಂತಿತೆಂಬುದರ ಫೋಟೊ ತೆಗೆದಿಡಿ.